ಷರಾ

ಬಾಗಿಲು ತಾನಾಗಿ ಬೀಳುತ್ತದೆ.
ಮೊಟ್ಟೆಯಿಡಲು ಒಳಹೊಕ್ಕ ಹೇಂಟೆ
ತಾನಾಗಿ ಹೊರಬರಲಾರದು.
ಗುತ್ಯಮ್ಮ ಬರಬೇಕು, ಎತ್ತಬೇಕು,
ರೆಕ್ಕೆ ಬಿಡಿಸಿ ಬಿಲ್ಲೆಯ ನಂಬರು ಕೂಗಬೇಕು,
ನಾನು ಬರೆದುಕೊಳ್ಳಬೇಕು.
ಬೆಳಗಿನ ಏಳರಿಂದ ಗಂಟೆಗೊಂದು ಸುತ್ತು.
ಶಿವಮೊಗ್ಗದ ತಳಿ ಕೇಂದ್ರದ ಮೂರನೇ ಶೆಡ್ಡಿನಲ್ಲಿ
ಹನ್ನೊಂದು ವರ್ಷದಿಂದ ನನ್ನ ಕೆಲಸ ಇಷ್ಟೇ:
ಯಾವ ಮೊಟ್ಟೆ ಯಾರದು ಎಂದು ತಪ್ಪದೆ ಹೇಳುವುದು.

ಎಪ್ಪತ್ತೆರಡನೇ ವಾರಕ್ಕೆ ಕೂಡುತ್ತೇವೆ.
ಮುನ್ನೂರು ದಾಟಿದವಳ ಮಕ್ಕಳು ಉಳಿಯುತ್ತವೆ,
ಉಳಿದವರ ಮಕ್ಕಳು ಸೋಮವಾರದ ಹರಾಜಿಗೆ.
ಕೋಳಿ ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ;
ಇಲ್ಲಿ ಕೂಡಿಸಿ, ಭಾಗಿಸಿ ಅರೆಯುತ್ತೇವೆ.

ಹುಂಜದ ಲೆಕ್ಕ ಬೇರೆ.
ಎಷ್ಟು ಎದೆ ಸೆಟೆಸಿದರೂ, ಎಷ್ಟು ಕೂಗಿದರೂ
ಅವನಿಗೆ ಸ್ವಂತದ್ದೆಂಬ ಒಂದು ಅಂಕ ಇಲ್ಲ.
ಅಕ್ಕತಂಗಿಯರು ಇಟ್ಟದ್ದರ ಸರಾಸರಿಯೇ ಅವನ ಯೋಗ್ಯತೆ.
ಇದನ್ನು ಕೇಳಿದ ದಿನ ಗುತ್ಯಮ್ಮ
ತವಡಿನ ಚೀಲದ ಮೇಲೆ ಕೂತು ನಕ್ಕಿದ್ದಳು:
"ನಮ್ಮ ಭಾವಂಗೆ ಹೇಳ್ಬೇಕು ಸಾರ್ ಇದನ್ನ!"

ಒಂದು ಚಿಪ್ಪಿಗೆ ಎರಡು ಗ್ರಾಂ ಸುಣ್ಣ ಬೇಕು.
ತಿಂದದ್ದು ಸಾಲದ ರಾತ್ರಿ
ಎಲುಬಿನಿಂದ ಕಡ ತೆಗೆಯುತ್ತದೆ ಮೈ.
ಅದಕ್ಕೇ ಎರಡೂ ಕೈ ಕೊಟ್ಟು ಎತ್ತುತ್ತಾಳೆ ಅವಳು;
ಒಮ್ಮೆ ಎದೆಮೂಳೆ
ಒಣ ಪುಳ್ಳೆಯಂತೆ ಲಟಕ್ಕೆಂದದ್ದು
ಇನ್ನೂ ಬೆರಳಲ್ಲಿದೆಯಂತೆ.

ಸೊರಬದ ಕಡೆ ಅವಳ ಅವ್ವ ಸಾಕಿದ ಕೋಳಿ
ಹನ್ನೆರಡು ಇಟ್ಟು ಕಾವಿಗೆ ಕೂರುತ್ತಿತ್ತು,
ಇಪ್ಪತ್ತೊಂದು ದಿನ. ಆಮೇಲೆ ತಿಂಗಳೆರಡು
ಮರಿಗಳ ಹಿಂದೆ ಮುಂದೆ ಕೆದರುತ್ತ, ಗಿಡುಗನಿಗೆ ಹೆದರುತ್ತ.
ವರ್ಷಕ್ಕೆ ಅರವತ್ತು ಮೊಟ್ಟೆ, ಅಷ್ಟೇ.
"ಆ ಕೂರುವುದೇ ನಷ್ಟ," ಎನ್ನುತ್ತಾರೆ ನಮ್ಮ ಡಾಕ್ಟರು.
ಕೂತವಳ ಹೆಸರಿನ ಮುಂದೆ 'ಕಾ' ಎಂದು ಬರೆದು
ಏಳು ತಲೆಮಾರು ಹೊರಗಿಟ್ಟೆವು, ಕೂರುವುದು ನಿಂತಿತು.
ಏಳು ತಲೆಮಾರಿನ ವಂಶಾವಳಿ ನನ್ನ ಕಪಾಟಿನಲ್ಲಿದೆ;
ಅಮ್ಮನ ಮುಖ ಕಂಡ ಒಂದು ಕೋಳಿಯೂ
ಶೆಡ್ಡಿನಲ್ಲಿ ಇಲ್ಲ.

ಮಾರ್ಚಿನ ಒಂದು ಬೆಳಿಗ್ಗೆ
ನಾಲ್ಕು ಸಾವಿರದ ನೂರಾ ಹತ್ತೊಂಬತ್ತು
ಗೂಡಿನಿಂದ ಏಳಲಿಲ್ಲ.
ಪುಕ್ಕ ಕೆದರಿ ಎರಡರಷ್ಟಾಗಿತ್ತು,
ಗಂಟಲೊಳಗೆ ಹಳೆಯದೊಂದು ಸದ್ದು.
ಹೊಟ್ಟೆಯಡಿ ಕೈ ತೂರಿಸಿ ಗುತ್ಯಮ್ಮ
ಸುಮ್ಮನಾದಳು. "ಕೆಂಡ ಆಗೈತೆ ಸಾರ್.
ಇದಕ್ಕೆ ಯಾರು ಕಲಿಸಿದ್ರು?"

ನಾನು 'ಕಾ' ಬರೆದೆ. ಸುಳ್ಳು ಬರೆಯುವವನಲ್ಲ.

ಸೋಮವಾರ ತೊಂಬತ್ತು ರೂಪಾಯಿ ಎಣಿಸಿಟ್ಟು
ಹರಾಜಿನಲ್ಲಿ ಅವಳೇ ಕೊಂಡಳು,
ಬುಟ್ಟಿಯಲ್ಲಿ ಗಾಡಿಕೊಪ್ಪದ ಮನೆಗೆ ಒಯ್ದು
ಅಕ್ಕಪಕ್ಕದಲ್ಲಿ ಬೇಡಿ ತಂದ ನಾಟಿ ಮೊಟ್ಟೆ ಹದಿಮೂರು,
ಒಂದೊಂದಕ್ಕೂ ಇದ್ದಿಲಿನ ಗೆರೆ, ಭತ್ತದ ಹೊಟ್ಟಿನ ಮೇಲೆ.
ದಿನವೂ ವರದಿ ಬರುತ್ತಿತ್ತು ನನಗೆ:
ಇವತ್ತು ನೀರಿಗಷ್ಟೇ ಎದ್ದಳು. ಇವತ್ತು ನನ್ನ ಕುಕ್ಕಿದಳು.
ಕುಕ್ಕಿದ ಗಾಯ ತೋರಿಸುವಾಗ ಅವಳ ಮುಖದ ಮೇಲೆ
ಬಹುಮಾನ ಬಂದವರ ಬಿಂಕ.

ಹದಿನಾಲ್ಕನೇ ದಿನ ಎದ್ದವಳು ಮರಳಿ ಕೂರಲಿಲ್ಲ.
ಬುಟ್ಟಿ ಮುಚ್ಚಿ ನೋಡಿದರಂತೆ, ಕತ್ತಲು ಮಾಡಿ ನೋಡಿದರಂತೆ,
ಹಿತ್ತಲಲ್ಲಿ ಇರುವೆ ಹೆಕ್ಕುತ್ತ ತಿರುಗಿತಂತೆ,
ಏನೋ ಮರೆತು ಹೊರಟವರ ಹಾಗೆ
ನಾಲ್ಕು ಹೆಜ್ಜೆಗೊಮ್ಮೆ ನಿಂತು.
ರಾತ್ರಿಗೆ ಹದಿಮೂರೂ ತಣ್ಣಗಾದವು.
"ಅರ್ಧ ನೆಪ್ಪಾಗಿತ್ತು ಪಾಪ,
ಇನ್ನರ್ಧ ಎಲ್ಲಿಂದ ತರ್ತದೆ?" ಎಂದಳು,
ಮತ್ತೆ ಆ ವಿಷಯ ಎತ್ತಲಿಲ್ಲ.

ಮೂರು ವಾರ ಬಿಟ್ಟು ಸೆರಗಿನ ಗಂಟು ಬಿಚ್ಚಿ
ಮೇಜಿನ ಮೇಲೆ ಇಟ್ಟಳು ಒಂದು ಮೊಟ್ಟೆ.
"ನೂರಾ ಹತ್ತೊಂಬತ್ತರದು. ಬರ್ಕೊಳ್ಳಿ."
ಆ ಸಾಲಿಗೆ ಕೆಂಪು ಗೆರೆ ಎಳೆದಾಗಿತ್ತು.
ಮೊಟ್ಟೆ ಇನ್ನೂ ಬೆಚ್ಚಗಿತ್ತು, ಅವಳ ನಡುವಿನದೋ ಅದರದೋ.
ಷರಾ ಎಂಬ ಸಣ್ಣ ಕಾಲಮ್ಮಿನಲ್ಲಿ ಪೆನ್ಸಿಲ್ ಊರಿ
ತುಂಬ ಹೊತ್ತು ಕೂತಿದ್ದೆ.
ಒಂದು ಚುಕ್ಕಿ ಬಿದ್ದಿದೆ ಅಲ್ಲಿ.
ಆಡಿಟ್‌ನವರು ಕೇಳಿದರೆ
ಕೈ ತಪ್ಪಿದ್ದು ಎನ್ನುತ್ತೇನೆ.