ನೂರಾ ಇಪ್ಪತ್ತೇಳು ಹಲ್ಲು

ಲೇಥಿನ ಮುಂದ ನಿಲ್ಲೋ ಮೊದಲು ಬಳಿ ತೆಗೀತೀನಿ,
ಕ್ಯಾಲಿಪರ್ ತೂಗುಹಾಕೋ ಮೊಳಿಗೇ ಅವೂ.
ಮೌಲಾಲಿ ಉಸ್ತಾದ ಕಲಿಸಿದ ಮೊದಲ ಪಾಠ ಅದು:
"ನೀಲಗಂಗಾ, ತಿರಗೋದರ ಮುಂದ
ತೂಗೋದು ಹಾಕ್ಕೊಂಡು ನಿಲ್ಲಬ್ಯಾಡ."
ಆಮ್ಯಾಲ ನಕ್ಕೋತ ಅಂದಿದ್ದ, ನಮ್ಮ ಮಾತಿನಾಗ
ಪೇಚಿನ ಮ್ಯಾಲಿನ ಆಟಿಗೂ ಚೂಡಿ,
ನಿನ್ನ ಕೈಯಾಗಿನ ಬಳಿಗೂ ಚೂಡಿ.
ಇವತ್ತ ಉಕ್ಕಿನ ಸರದಿ.

ಚಿತ್ತಾಪುರದ ಕಡೆ ಒಂದು ಕೆರಿ.
ಅದರ ತೂಬಿನ ಬಾಗಿಲು ಎತ್ತೋ ತಿರುಪು
ತುಕ್ಕು ತಿಂದು, ಆಟಿ ಸವದು, ನಡುವೇ ಮುರದದ.
ಎರಡು ತುಂಡು ಗೋಣಿಚೀಲದಾಗ ಸುತ್ತಿ
ಟಂಟಂದಾಗ ತಂದ ಭೀಮಶಾ:
"ಹೊಸಾದು ಮಾಡಿಕೊಡ್ರಿ ಅಕ್ಕಾರ, ಎಂಟು ಅಡಿ,
ಪೈಲ್ವಾನನ ತೋಳಿನಷ್ಟು ದಪ್ಪ."

ಚೌಕ ಆಟಿ. ಹನ್ನೆರಡು ಎಂಎಂಗೆ ಒಂದು ಸುತ್ತು.
ನನ್ನ ಲೇಥು ಇಂಚಿಂದು.
ಮುಚ್ಚಿದ ಫ್ಯಾಕ್ಟರಿಯ ಹರಾಜಿನಾಗ
ಉಸ್ತಾದ ಗುಜರಿ ತೂಕಕ್ಕ ತಂದಿದ್ದು,
ಅದಕ್ಕ ಎಂಎಂ ಅಂದ್ರ ತಿಳಿಯಂಗಿಲ್ಲ.
ಇಬ್ಬರ ನಡುವ ದುಭಾಷಿ ಒಬ್ಬನೇ,
ನೂರಾ ಇಪ್ಪತ್ತೇಳು ಹಲ್ಲಿನ ಗೇರು.
ಎರಡಕ್ಕ ಒಡಿಯಂಗಿಲ್ಲ, ಮೂರಕ್ಕಿಲ್ಲ, ಏಳಕ್ಕಿಲ್ಲ,
ಯಾರ ಮಾತಿಗೂ ಬಗ್ಗದ ಅಂಕಿ.
ಶಹಾಬಾದಿನಾಗ ನನಗ ಗೊತ್ತಿದ್ದಂಗ ಇರೋದು ಒಂದೇ,
ಸ್ಟೇಶನ್ ರೋಡಿನ ವಿಠೋಬಾ ಪಾಂಚಾಳನ ಹತ್ರ.
ಕೊಟ್ಟ. ಕೊಡೋ ಮುಂದ ಎಣಿಸಿ ಕೊಟ್ಟ.

ಇಂಥಾ ಕೆಲಸಕ್ಕ ಒಂದು ಕಟ್ಟಳಿ ಅದ:
ಅರೆನಟ್ಟು ಒಮ್ಮೆ ಲೀಡ್ ಸ್ಕ್ರೂ ಕಚ್ಚಿತಂದ್ರ
ಮುಗಿಯೋತನ ಬಿಡಿಸಂಗಿಲ್ಲ.
ಮುಂದ ಹೋದ ದಾರಿಲೇ ಹಿಂದ ಬರಬೇಕು,
ಮೋಟಾರು ಉಲ್ಟಾ ತಿರುವಿ.
ಆರು ನಿಮಿಷ ಹೋಗಿ, ಆರು ನಿಮಿಷ ಬಂದು,
ಕೂದಲೆಳಿಯಷ್ಟು ಒಳಗ ಒತ್ತಿ, ಮತ್ತ ಹೊಂಟಿ.
ಸುಟ್ಟ ಎಣ್ಣಿ ವಾಸನಿ ಸೆರಗಿನಾಗ, ತಲಿಗೂದಲಾಗ.
ಹೊರಗ ಪರಸಿ ಕೊಯ್ಯೋ ಮಷಿನ್ನಿನ ಬಿಳಿ ಧೂಳು.
ಕರೆಂಟು ಎರಡು ಸಲ ಹೋತು. ಹೋಗ್ಲಿ.
ಕಚ್ಚಿದ್ದು ಕಚ್ಚಿದಂಗೇ ನಿಂತಿರತದ ಕತ್ತಲಾಗ,
ದಾರಿ ಮರಿಯಂಗಿಲ್ಲ.

ಎರಡನೇ ದಿನ ಮಧ್ಯಾಹ್ನ
ನಾ ರೊಟ್ಟಿ ಬಿಚ್ಚಿ ಕುಂತಾಗ
ಲಾಡ್ಲೆ, ಹತ್ತೊಂಬತ್ತರ ಹುಡುಗ, ಐಟಿಐ ಪಾಸು,
ಆ ಹಿಂದ ಬರೋ ಆರು ನಿಮಿಷ ಉಳಿಸಾಕ
ಅರೆನಟ್ಟು ಎತ್ತಿ ಕೈಲೇ ದೂಡಿಬಿಟ್ಟ.
ಉಳಿ ಪೂರಾ ಹಿಂದ ಸರಿದಿರಲಿಲ್ಲ.
ಸಪ್ಪಳದಾಗೇ ತಿಳೀತು.
ಪುಂಡಿಪಲ್ಯ ಬಾಯಾಗೇ ಉಳೀತು.

ಬೈಯಬೇಕಂತ ಎದ್ದೆ.
ಹುಡುಗ ಲಿವರಿನ ಮ್ಯಾಲಿನ ಕೈ
ತಗೀಲಿಕ್ಕೂ ಹೆದರಿ ನಿಂತಿದ್ದ.

"ಬಿಳಿ ಕಾಗದ ತಾ," ಅಂದೆ.
ರಸೀದಿ ಬುಕ್ಕಿನ ಖಾಲಿ ಹಾಳಿ ಹರದು
ಆಟಿಯ ಕೆಳಗ ಹಿಡಿಸಿದೆ.
ಅರೆನಟ್ಟು ಸಿಕ್ಕಲ್ಲಿ ಕಚ್ಚಿಸಿ,
ಸಡಿಲು ತುಂಬೋತನ ಚಕ್ಕು ಕೈಲೇ ತಿರುವಿ,
ಮ್ಯಾಲಿನ ಸ್ಲೈಡು ಇಷ್ಟಿಷ್ಟೇ ಸರಿಸಿ,
ಉಳಿಯ ಎರಡೂ ದಂಡಿಗೆ ಬೆಳಕು ಹುಡುಕಿದೆ.
ಎಡಕ್ಕ ಒಂದು ಎಳಿ ಬಿಳಿ, ಬಲಕ್ಕ ಕತ್ತಲಿ.
ಸರಿಸಿದೆ. ಬಲಕ್ಕ ಎಳಿ, ಎಡಕ್ಕ ಕತ್ತಲಿ.
ಹಿಂಗೇ ಸಂಜಿ ಆತು.
ಕೊನಿಗೆ ಎರಡೂ ಕಡೆ ಒಂದೇ ಸಮ, ದಾರದಷ್ಟು.

"ನೋಡು." ಬಗ್ಗಿ ನೋಡಿದ.
"ಕಾಣಸ್ತದೇನು?"
"ಕಾಣಸ್ತದ ಅಕ್ಕಾ."
ಸುಳ್ಳು. ನನಗೂ ಮೂರು ವರ್ಷ ಕಂಡಿರಲಿಲ್ಲ,
ನಾನೂ ಉಸ್ತಾದಗ ಕಾಣಸ್ತದ ಅಂದಿದ್ದೆ.

ನಾಕನೇ ದಿನ ಕಂಚಿನ ನಟ್ಟು ಏರಿಸಿದ್ವಿ.
ಒಂದೇ ಬೆರಳಿಗೆ ಹೊಂಟಿತು, ತುದಿ ತನಕ, ತಡೀಲಾರದ.
ಅರದಲೇ ತೀಡಿದರೂ ಆಟಿಯ ನೆತ್ತಿ ಮ್ಯಾಲ
ಗೀರು ಒಂದು ಉಳದದ.
ನಟ್ಟಿಗೆ ಗೊತ್ತಾಗಲಿಲ್ಲ, ಹೆಬ್ಬೆರಳಿಗೆ ಗೊತ್ತು.
ಭೀಮಶಾ ಕೇಳಿದ, ಇದೇನ್ರಿ ಅಕ್ಕಾರ?
ಲಾಡ್ಲೆ ನೆಲ ನೋಡಿದ.
"ನಮ್ಮ ಅಂಗಡಿ ಗುರುತು," ಅಂದೆ.

ಗೇರು ಸೀಮೆಎಣ್ಣ್ಯಾಗ ತೊಳದು, ಗ್ರೀಸು ಹಚ್ಚಿ,
ಹಳೇ ಪೇಪರಿನಾಗ ಸುತ್ತಿ ವಾಪಸ್ ಒಯ್ದೆ.
ವಿಠೋಬಾ ಚಹಾ ಹೇಳಿದ.
ಚಾಳೀಸು ಏರಿಸಿ, ಒಂದು ಹಲ್ಲಿಗೆ ಸುಣ್ಣದ ಗುರುತು ಇಟ್ಟು,
ಎಣಿಸಾಕ ಕುಂತ. ಅರವತ್ತರ ಹತ್ರ ಯಾರೋ ಮಾತಾಡಿಸಿದರು.
ತಪ್ಪಿತು. ಮತ್ತ ಒಂದರಿಂದ.
ನಾ ಕಾಯ್ಕೋತ ನಿಂತೆ, ಕೈಯಾಗ ಬಳಿ,
ಚಹಾ ಆರಕೋತ.