ಎರಡು ಡಬ್ಬಿ

ಡುಲ್ಸಿ ತಂದಿಟ್ಟ ಅಲ್ಯೂಮಿನಿಯಮ್ ಬೋನಿನಲ್ಲಿ
ಕಡಲೆಬೆಣ್ಣೆ ಬೆರೆಸಿದ ಓಟ್ಸಿನ ಉಂಡೆ ಹಾಗೇ ಇದೆ.
ತಿನ್ನಲು ಬಂದವನು ತಿನ್ನದೆ ಸತ್ತಿದ್ದಾನೆ.
ಇಲಿಯಲ್ಲ ಇವನು, ಕಾಂಗರೂವಿನ ದೂರದ ದಾಯಾದಿ,
ಐವತ್ತು ಗ್ರಾಮಿನ ಒಡಲು, ಜಿಂಕೆಬಣ್ಣದ ತುಪ್ಪಳ,
ಅದೂ ಬೆನ್ನ ಮೇಲೆ ಉದುರಿ ತೇಪೆ ತೇಪೆ.

"ಆಗಸ್ಟ್ ಅಲ್ಲವಾ," ಎಂದಳು ಡುಲ್ಸಿ
ಬೂಟಿನ ಕೆಂಪು ಧೂಳು ಬಾಗಿಲಾಚೆ ಕೊಡವಿ,
"ಗಂಡಸರೆಲ್ಲ ಹೋಗುವ ತಿಂಗಳು."
ಎರಡು ವಾರ ಊಟ ಮರೆತು, ನಿದ್ದೆ ಮರೆತು
ಪೊಟರೆಯಿಂದ ಪೊಟರೆಗೆ ಹೆಣ್ಣು ಹುಡುಕಿ
ಕೂಡಿ, ಮತ್ತೆ ಕೂಡಿ,
ತಮ್ಮ ನೆತ್ತರೇ ತಮಗೆ ನಂಜಾಗಿ ಬಿದ್ದರು.
ಕಾಡಿನಲ್ಲೀಗ ಬಸುರಿಯರಷ್ಟೇ. ಜೀರುಂಡೆ ಹಿಡಿಯುತ್ತಾ
ಹತ್ತು ಮೊಲೆಗೆ ಹತ್ತು ಅಕ್ಕಿಕಾಳಿನಂಥ ಕೂಸು ಕಚ್ಚಿಕೊಳ್ಳುವುದಕ್ಕೆ
ಮೈ ಸಿದ್ಧಮಾಡುತ್ತಾ.

ಸೆವಸ್ತಿ ಕೈಗವಸು ಬಿಗಿದು
ತನ್ನ ಡಬ್ಬಿಯ ಕಡೆ ತಿರುಗುತ್ತಾಳೆ.
ಅಂಗೈಯಗಲದ ತಟ್ಟೆ, ನೇರಳೆ ಚುಕ್ಕೆಗಳು,
ಒಣಗಿದ ಹೂವಿನಂತೆ ಸುಕ್ಕು ಸುಕ್ಕು.
'ಮೂಸಬೇಡಿ' ಎಂದು ಚೀಟಿ ಅಂಟಿಸಿದೆ.
ಮೂಸಿದ್ದ ಹಳಬನೊಬ್ಬ ಹೇಳಿದ್ದ:
ಮೊದಲ ಮಳೆ ಬಿದ್ದ ಮಣ್ಣಿನ ಹಾಗೆ.

ಇದಕ್ಕೆ ಗಂಡಿಲ್ಲ, ಹೆಣ್ಣಿಲ್ಲ, ಆಗಸ್ಟ್ ಇಲ್ಲ.
ಒಂದು ಸೀಳಿ ಎರಡು; ಆ ಎರಡರಲ್ಲಿ
ತಾಯಿ ಯಾರು, ಮಗಳು ಯಾರು?
ಶುದ್ಧ ನೀರಿನ ಸೀಸೆಯಲ್ಲಿ ಏನೂ ಉಣ್ಣದೆ
ಹದಿನಾರು ವರ್ಷ ಇದ್ದಿತ್ತಂತೆ ಇದರ ಬಳಗ.
ಸಾವಿಲ್ಲದ ಮನೆಯ ಸಾಸಿವೆ ಬೇಕಾದವರು
ಈ ಬಾಗಿಲು ತಟ್ಟಬಹುದಿತ್ತು.

ಅವಳ ಅಪ್ಪ, ಸ್ಪಂಜಿಗಾಗಿ ಕಡಲಿಗೆ ಮುಳುಗುವವರ ದ್ವೀಪದವನು,
ಡಾರ್ವಿನ್ನಿನ ಫೆಬ್ರವರಿ ಮಳೆಯಲ್ಲಿ
ಬರಿಗಾಲಲ್ಲಿ ಬೆಂಡೆಯ ಪಾತಿ ಕೆದಕಿದ್ದ.
ಕೈ ಕೆಸರಾಯಿತು. ಬಾಯಿಗೆ ಮೊಸರು ಬರಲಿಲ್ಲ.
ಆರು ವಾರ ಡ್ರಿಪ್ಪು, ಎದೆಗೂಡಿನಲ್ಲಿ ಕೀವು,
ಸತ್ತ ಅಮ್ಮನನ್ನು ಗ್ರೀಕಿನಲ್ಲಿ ಕರೆದ ರಾತ್ರಿಗಳು.
ಮಣ್ಣಿಗೆ ಅವನ ಮೇಲೆ ಯಾವ ಹಗೆಯೂ ಇರಲಿಲ್ಲ.
ಅವನು ಯಾರೆಂದೇ ಅದಕ್ಕೆ ಗೊತ್ತಿರಲಿಲ್ಲ.

"ಯಾವುದಾಗುತ್ತೀ," ಡುಲ್ಸಿ ಕೇಳಿದಳು,
"ಇವನಾ, ಅದಾ?"
ಸೆವಸ್ತಿ ಚೀಟಿಯಲ್ಲಿ ತಾರೀಖು ಬರೆದಳು.
ಸತ್ತವನ ಮೀಸೆಯ ಮೇಲೆ ಒಂದು ಹೂಪರಾಗದ ಕಣ,
ಎಲ್ಲಿಗೋ ಧಾವಿಸುವಾಗ ತಾಗಿದ್ದು. ಅದನ್ನು ಒರೆಸಲಿಲ್ಲ.

ಸಂಜೆ ಫೋನು. ಆಚೆ ಪೈಪಿನ ನೀರಿನ ಸದ್ದು.
"ಬೂಟು ಹಾಕಿದ್ದೀಯಾ?"
"ಹಾಕಿದ್ದೇನೆ."
ಬೆರಳ ಸಂದಿನಲ್ಲಿ ಕೆಸರು ಪಚಕ್ಕೆನ್ನುವುದು
ಅವಳಿಗೆ ಇಲ್ಲಿಂದಲೇ ಕೇಳುತ್ತದೆ.