ಭಾನುವಾರದ ದೋಣಿ

ಚಿಲೋಯೆ ದ್ವೀಪದ ಕಾಸ್ತ್ರೋದಲ್ಲಿ, ನೀರಿನ ಮೇಲೆ
ಮರದ ಕಾಲೂರಿ ನಿಂತ ಮನೆಯೊಳಗೆ ಕೂತು
ದೋಣಿಗಳ ವೇಳಾಪಟ್ಟಿಗೊಂದು ಪುಟ ಕಟ್ಟಿದ್ದೆ.
ಮೇಜಿನಗಲದ ಪರದೆ,
ಅದರ ತುಂಬ ಸೋಮದಿಂದ ಭಾನುವಿನವರೆಗೆ
ಏಳಂಕಣದ ಮನೆಯ ಹಾಗೆ ಏಳು ಅಂಕಣ,
ನೆತ್ತಿಯ ಮೇಲೆ ಹಳದಿ ಚರ್ಚಿನ ಫೋಟೋ.
ಬಂದರಿನ ಅಧಿಕಾರಿ ಬಗ್ಗಿ ನೋಡಿ
"ಭೇಷ್, ಒರಿಯಾನಾ" ಅಂದಿದ್ದರು.

ಎರಡು ವಾರಕ್ಕೆ ಬಂದಳು ದೊಮಿತಿಲಾ,
ಚೆಲೀನಿನವಳು, ಬೆಳ್ಳುಳ್ಳಿ ಮಾರುವವಳು.
ಹೊಸ್ತಿಲಲ್ಲೇ ನಿಂತು ಕೇಳಿದಳು:
"ಭಾನುವಾರವನ್ನು ತೆಗೆದುಬಿಟ್ಟೆಯಾ, ಮಗಳೇ?"

ತೆಗೆದಿರಲಿಲ್ಲ.
ಅವಳ ಫೋನು ಇಸಿದುಕೊಂಡೆ:
ಮೂಲೆಯಲ್ಲಿ ಜೇಡನ ಬಲೆಯಂಥ ಬಿರುಕು,
ಅಂಗೈಗಿಂತ ಒಂದು ಬೆರಳು ಕಿರಿದು.
ಗುರುವಾರದ ಅರ್ಧಕ್ಕೆ ವಾರ ಮುಗಿದಿತ್ತು.
ಉಳಿದ ದಿನಗಳು ಬಲಗಡೆ, ಗಾಜಿನಾಚೆ,
ಯಾರೂ ಹೋಗಿ ನೋಡದ ಕಡೆ
ಒಂದು ನಿಮಿಷವೂ ತಪ್ಪದೆ ಸರಿಯಾಗಿಯೇ ಇದ್ದವು.
ಚರ್ಚು ಮಾತ್ರ ಪೂರ್ತಿ ಕಾಣುತ್ತಿತ್ತು.
ಆ ಭಾನುವಾರ, ದೋಣಿ ಬಿಟ್ಟ ಇಪ್ಪತ್ತು ನಿಮಿಷಕ್ಕೆ ಬಂದು
ಕತ್ತಲಾಗುವ ತನಕ ಕೂತಿದ್ದಳಂತೆ, ಜೆಟ್ಟಿಯಲ್ಲಿ,
ಮೂಟೆಯ ಮೇಲೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ಹಾಸಿಗೆಯನ್ನು ನನ್ನ ಕಾಲಿನಳತೆಗೆ ಹೊಲಿದು
ಬಂದವರನ್ನೆಲ್ಲ ಮಲಗಲು ಕರೆದವಳು ನಾನು.

ಮೊದಲು ಎಲ್ಲವನ್ನೂ ಕುಗ್ಗಿಸಿದೆ.
ಏಳು ದಿನವೂ ಹಿಡಿಸಿದವು; ಅಕ್ಷರ ಇರುವೆಯಾಯಿತು.
ದೊಮಿತಿಲಾ ಕನ್ನಡಕ ಹಣೆಗೇರಿಸಿ, ಇಳಿಸಿ,
"ಇದು ಮೂರೋ ಎಂಟೋ?" ಅಂದಳು.
ಕನ್ನಡಿಯೊಳಗೆ ಆನೆ ಹಿಡಿಸಿತು, ಸರಿ.
ಏರಿ ಕೂರುವುದು ಹೇಗೆ?

ಅಜ್ಜನ ಮನೆ ಎಳೆದದ್ದು ನೆನಪಾಯಿತು.
ನನಗಾಗ ಆರೋ ಏಳೋ. ಗುಡ್ಡದ ಮನೆಯನ್ನು ಇಡಿಯಾಗಿ ಎಬ್ಬಿಸಿ
ದಿಮ್ಮಿಗಳ ಮೇಲೆ ಕೂರಿಸಿ ಕಡಲ ಕಡೆಗೆ,
ಮುಂದೆ ಎತ್ತುಗಳು, ಹಿಂದೆ ಊರಿನ ಹೆಗಲು.
ದಾರಿ ಕಿರಿದಾದಲ್ಲಿ ಎಲ್ಲರೂ ಕೂಗಾಡಿದರು.
ಅಜ್ಜ ಸುಮ್ಮನೆ ಜಗಲಿ ಬಿಚ್ಚಿಸಿದ.
ಮತ್ತೂ ಕಿರಿದಾದಲ್ಲಿ ಪಕ್ಕದ ಕೋಣೆ ಬಿಚ್ಚಿಸಿ
ಹಲಗೆಗಳನ್ನು ಹಿಂದಿನಿಂದ ಹೊತ್ತು ತನ್ನಿ ಅಂದ.
ಒಲೆಗೆ ಮಾತ್ರ ಕೈಹಚ್ಚಲಿಲ್ಲ;
ನಡೆಯುವ ಮನೆಯೊಳಗೆ ಅಜ್ಜಿ
ಆಲೂಗಡ್ಡೆ ಬೇಯಿಸುತ್ತಲೇ ಇದ್ದಳು.
ಹೊಗೆ ನಮ್ಮ ಜೊತೆಗೇ ನಡೆಯಿತು.

ಆ ರಾತ್ರಿ ಚಿಕ್ಕದರಿಂದ ಶುರುಮಾಡಿದೆ.
ಅಂಗೈಯಗಲ. ಒಲೆ ಯಾವುದು ಇಲ್ಲಿ?
ಚರ್ಚಲ್ಲ. ಇಲಾಖೆಯ ಮುದ್ರೆಯಂತೂ ಅಲ್ಲ.
ಇವತ್ತು. ಮುಂದಿನ ದೋಣಿ. ಎಷ್ಟಕ್ಕೆ. ಯಾವ ಮೆಟ್ಟಿಲಿಂದ.
ಅದರಡಿ ನಾಳೆ, ಅದರಡಿ ನಾಡಿದ್ದು,
ಹೆಬ್ಬೆರಳು ಸೇದಿದಷ್ಟೂ ಮೇಲೆ ಬರುವ ದಿನಗಳು.
ಇಷ್ಟೇ ಅಗಲ ಎಂದು ಹಟ ಹಿಡಿದ ಅಂಕೆಗಳನ್ನು ಕಿತ್ತು
ಇದ್ದುದರಲ್ಲಿ ಅರ್ಧ, ಇದ್ದುದರಲ್ಲಿ ಕಾಲು ಎಂದು ಬರೆದೆ.
ಆರುನೂರು ಚುಕ್ಕಿ ದಾಟಿದರೆ ಇಬ್ಬಿಬ್ಬರು ನಿಲ್ಲಿ,
ಸಾವಿರ ದಾಟಿದರೆ ಎಲ್ಲರೂ ಪಕ್ಕಪಕ್ಕ;
ಆಮೇಲೆ ಬೇಕಿದ್ದರೆ ಚರ್ಚೂ ಬರಲಿ.

ಕಿಟಕಿಯ ಅಂಚು ಹಿಡಿದು ಒಳಗೆಳೆದೆ, ಹೊರಗೆಳೆದೆ.
ಅಂಕಣಗಳು ಕುಸಿದು ಒಂದರಡಿ ಒಂದು ಕೂತವು,
ಮತ್ತೆ ಎದ್ದು ಸಾಲಾದವು.
ಎಷ್ಟು ಹೊತ್ತು ಆಡಿದೆನೋ. ನೆಲದ ಹಲಗೆಯ ಸಂದಿಯಲ್ಲಿ
ಮೊದಲು ನೀರಿತ್ತು, ಏಳುವಾಗ ಬರಿ ಕೆಸರು,
ಅದರಲ್ಲಿ ಯಾರದೋ ಒಂದು ಚಪ್ಪಲಿ.

ಅಧಿಕಾರಿ ಟ್ಯಾಬ್ಲೆಟ್ಟನ್ನು ಅಡ್ಡ ಹಿಡಿದು ನೋಡಿ
"ಚರ್ಚೆಲ್ಲಿ?" ಅಂದರು.
ಆ ಅಳತೆಯಲ್ಲಿ ಇನ್ನೊಂದು ಎಡವಟ್ಟೂ ಉಳಿದಿದೆ:
ಆರು ದಿನ ಜೋಡಿಜೋಡಿ,
ಕೊನೆಗೆ ಭಾನುವಾರವೊಂದೇ,
ಮೂಟೆಯ ಮೇಲೆ ಕೂತ ಹಾಗೆ.
ತಿದ್ದಬಹುದಿತ್ತು. ತಿದ್ದಲಿಲ್ಲ.

ಮೊನ್ನೆ ದೊಮಿತಿಲಾ ಬೆಳ್ಳುಳ್ಳಿಯ ಜಡೆಯೊಂದನ್ನು
ಬಾಗಿಲ ಮೊಳೆಗೆ ತೂಗುಹಾಕುತ್ತ ಕೇಳಿದಳು,
"ಈ ಭಾನುವಾರ ದೋಣಿ ಎಷ್ಟಕ್ಕೆ?"
ಮೂರೂವರೆಗೆ, ಅಂದೆ.
"ಗೊತ್ತು. ನೋಡಿದೆ," ಅಂದಳು.
"ನಿನಗೆ ಗೊತ್ತೋ ಇಲ್ಲವೋ ಅಂತ."